ಗಣಪತಿಗಿಂತ ಮೊದಲೋ, ಆಮೇಲೋ?

ಡಿಸೆಂಬರ್‌ನ ಒಂದು ಭಾನುವಾರ, ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಮಕ್ಕಳ ಮನಸ್ಸಿನ ತೊಂದರೆಗಳನ್ನು ನೋಡುವ ನನ್ನ ಕೋಣೆಗೆ ಬಂದ ಆ ತಾಯಿಯ ಕೈಯಲ್ಲಿ ಶಾಲೆಯವರು ಕೊಟ್ಟ ಚೀಟಿ ಇತ್ತು. ‘ಕಾಂಡಕ್ಟ್ ಡಿಸಾರ್ಡರ್ ಇರಬಹುದು, ತಪಾಸಣೆ ಮಾಡಿಸಿ’ ಎಂದು ಬರೆದಿತ್ತು. ಪರರಿಗೆ ನೋವು ಮಾಡುವ, ನಿಯಮ ಮೀರುವ ನಡತೆ ಮಕ್ಕಳಲ್ಲಿ ಮತ್ತೆ ಮತ್ತೆ ಕಾಣುವ ಮಾನಸಿಕ ತೊಂದರೆಯ ಹೆಸರು ಅದು. ಕಲಬುರಗಿ ಕಡೆಯವರು. ಗಂಡನದು ಗೌಂಡಿ ಕೆಲಸ, ಆಕೆ ಮೂರು ಮನೆಗಳಲ್ಲಿ ಪಾತ್ರೆ ತೊಳೆಯುತ್ತಾರೆ. ಮಗನಿಗೆ 13 ವರ್ಷ ನಾಲ್ಕು ತಿಂಗಳು. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

“ಮೇಡಂರೀ, ಇವಂಗ ಏನರ ರೋಗ ಐತೇನ್ರಿ, ಇಲ್ಲಾ ಕೆಟ್ಟೇ ಹೋಗ್ಯಾನೇನ್ರಿ?”

ಈ ಪ್ರಶ್ನೆಗೆ ರಕ್ತ ಪರೀಕ್ಷೆಯಿಂದಾಗಲಿ ಸ್ಕ್ಯಾನ್‌ನಿಂದಾಗಲಿ ಉತ್ತರ ಸಿಗುವುದಿಲ್ಲ. ಕೇಳಬೇಕು, ಎಣಿಸಬೇಕು. ಮಾನಸಿಕ ತೊಂದರೆಗಳನ್ನು ಗುರುತಿಸಲು ನಾವು ಬಳಸುವ ಡಿಎಸ್‌ಎಂ-5 ಕೈಪಿಡಿಯಲ್ಲಿ ಇದಕ್ಕೆ 15 ವರ್ತನೆಗಳ ಪಟ್ಟಿ ಇದೆ: ಜನರ ಮೇಲೆ, ಪ್ರಾಣಿಗಳ ಮೇಲೆ ಕ್ರೌರ್ಯ, ಆಸ್ತಿ ಹಾಳು ಮಾಡುವುದು, ಮೋಸ, ಕಳವು, ನಿಯಮಗಳನ್ನು ಗಂಭೀರವಾಗಿ ಮೀರುವುದು. ಕಳೆದ 12 ತಿಂಗಳಲ್ಲಿ ಕನಿಷ್ಠ ಮೂರು ಕಂಡಿರಬೇಕು, ಅವುಗಳಲ್ಲಿ ಒಂದಾದರೂ ಕಳೆದ 6 ತಿಂಗಳೊಳಗಿನದಾಗಿರಬೇಕು. ಅದರಿಂದ ಮಗುವಿನ ಮನೆ, ಓದು, ಒಡನಾಟ ಕೆಟ್ಟಿರಬೇಕು. ಎದುರು ಮಾತಾಡುವುದು, ಹಟ, ಸಿಟ್ಟು ಈ ಪಟ್ಟಿಯಲ್ಲಿ ಇಲ್ಲವೇ ಇಲ್ಲ.

ಹಾಗಾಗಿ ನನಗೆ ಮೊದಲು ಬೇಕಾದದ್ದು ತಾರೀಖು. ಆದರೆ ಯಾವ ತಾಯಿಯೂ ಮಗನ ತಪ್ಪುಗಳನ್ನು ತಾರೀಖು ಹಾಕಿ ಬರೆದಿಟ್ಟಿರುವುದಿಲ್ಲ. ನಾನು ಹಬ್ಬ ಹಿಡಿದು ಕೇಳುತ್ತೇನೆ. “ಅಕ್ಕಾರ, ಇಟ್ಟಂಗಿ ಒಗದಿದ್ದು ಗಣಪತಿಗಿಂತ ಮೊದಲೋ, ಆಮ್ಯಾಲೋ? ಊರಿಗೆ ಶರಣಬಸಪ್ಪನ ಜಾತ್ರಿಗೆ ಹೋದಾಗ ಹ್ಯಾಂಗಿದ್ದ?” ಜಾತ್ರೆ ಹೋಳಿ ಮುಗಿದ ಕೆಲವೇ ದಿನಕ್ಕೆ ಬರುತ್ತದೆ, ಅಲ್ಲಿಗೆ ನನಗೆ ತಿಂಗಳು ಸಿಕ್ಕಿತು. ಹಾಳೆಯ ಮೇಲೆ ಅಡ್ಡ ಗೆರೆ ಎಳೆದು ಜಾತ್ರೆ, ಶಾಲೆ ಶುರು, ದಹಿ ಹಂಡಿ, ಗಣಪತಿ, ದೀಪಾವಳಿ ಎಂದು ಗುರುತು ಹಾಕಿ, ಒಂದೊಂದು ಘಟನೆಯನ್ನೂ ಅದರ ಜಾಗದಲ್ಲಿ ಇಡುತ್ತೇವೆ. ಒಂದು ಗಂಟೆ ಹಿಡಿಯುತ್ತದೆ. ಇದಕ್ಕಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ.

ಮೊದಲ ಎಣಿಕೆಗೆ ಐದು ಬಂದವು: ಆಗಾಗ ತಾನೇ ಹೊಡೆದಾಟ ಶುರು ಮಾಡುವುದು, ಗಣಪತಿ ಸಮಯದಲ್ಲಿ ಒಬ್ಬ ಹುಡುಗನ ತಲೆಗೆ ಇಟ್ಟಿಗೆ ಬೀಸಿದ್ದು, ದೀಪಾವಳಿ ಆದ ಮೇಲೆ ಪಕ್ಕದ ಮನೆಯ ಮೊಬೈಲ್ ಕದ್ದದ್ದು, ರಾತ್ರಿ ಹೊರಗೆ ಉಳಿಯುವುದು, ಶಾಲೆ ತಪ್ಪಿಸುವುದು. ಇಲ್ಲಿಗೇ ನಿಲ್ಲಿಸಿದ್ದರೆ ಚೀಟಿಗೆ ಮುದ್ರೆ ಒತ್ತಿದಂತೆ ಆಗುತ್ತಿತ್ತು. ಶುರುವಿನ ವರ್ಷಗಳಲ್ಲಿ ಒಮ್ಮೆ ಹಾಗೆ ಮಾಡಿದ್ದೆ, ತಾಯಿಯ ಮಾತೊಂದನ್ನೇ ನಂಬಿ. ಶಾಲೆ ತಪ್ಪಿಸುತ್ತಿದ್ದ ಆ ಹುಡುಗನಿಗೆ ಅಕ್ಷರ ಕೂಡಿಸಿ ಓದಲೇ ಬರುತ್ತಿರಲಿಲ್ಲ ಎಂದು ಗೊತ್ತಾಗುವಷ್ಟರಲ್ಲಿ ಅವನನ್ನು ಶಾಲೆಯಿಂದ ಬಿಡಿಸಿದ್ದರು. ನನ್ನ ಸಹಿ ಇದ್ದ ಆ ಕಾಗದ ಈಗಲೂ ಮನಸ್ಸಿನಲ್ಲಿ ಚುಚ್ಚುತ್ತದೆ.

ಮುಂದಿನ ವಾರ ಹುಡುಗನನ್ನು ಒಬ್ಬನನ್ನೇ ಕೂರಿಸಿಕೊಂಡೆ. ಯಾರಾದರೂ ನಿನಗೆ ಹೊಡೆಯುತ್ತಾರಾ, ಮೈ ಮುಟ್ಟುತ್ತಾರಾ, ನಶೆಗೆ ವೈಟ್ನರ್ ಮೂಸಿದ್ದೀಯಾ, ಸಾಯಬೇಕು ಅನಿಸುತ್ತದಾ ಎಂದು ಕೇಳದೆ ಯಾವ ಮಗುವಿನ ಮೇಲೂ ಈ ಹೆಸರು ಬರೆಯುವುದಿಲ್ಲ. ಎಲ್ಲಕ್ಕೂ ಇಲ್ಲ ಎಂದ. ರಾತ್ರಿಯ ಮಾತು ತೆಗೆದಾಗ, ಅಪ್ಪ ಸ್ಲ್ಯಾಬ್ ಹಾಕುವ ಕೆಲಸಕ್ಕೆ ಹೋದಾಗ ತಾನೂ ಸೈಟಿನಲ್ಲೇ ಮಲಗುತ್ತಿದ್ದೆ ಎಂದ. ಹೆತ್ತವರು ಬೇಡವೆಂದರೂ ಹೊರಗೆ ಉಳಿದರೆ ಮಾತ್ರ ಅದು ಲೆಕ್ಕಕ್ಕೆ. ಇಲ್ಲಿ ಬೇಡ ಅಂದವರೇ ಇರಲಿಲ್ಲ. ಹಾಜರಿ ಪುಸ್ತಕದಲ್ಲಿ ಗೈರಾದ ದಿನಗಳನ್ನು ತಾಯಿಗೆ ಓದಿ ಹೇಳಿದೆ. ಅಷ್ಟೂ ಆಕೆ ತಂಗಿಯನ್ನು ನೋಡಿಕೊಳ್ಳಲು ಇವನನ್ನು ಮನೆಯಲ್ಲಿ ಬಿಟ್ಟ ದಿನಗಳು. ಐದು ಮೂರಾಯಿತು. ಕನಿಷ್ಠ ಬೇಕಾದ ಮೂರರ ಗೆರೆಯ ಮೇಲೇ ನಿಂತಿತು.

ಶಿಕ್ಷಕಿ ಮರಾಠಿಯಲ್ಲಿ ‘ಮಸ್ತಿಖೋರ್’ (ತುಂಟ) ಅಂದರು. ನೀವು ಕಣ್ಣಾರೆ ಕಂಡದ್ದೇನು, ಎಷ್ಟು ಸಲ ಎಂದು ಕೇಳಿದೆ. ಆಗ ಬೇರೆಯೇ ಚಿತ್ರ ಬಂತು: ಕೂತಲ್ಲಿ ಕೂರುವುದಿಲ್ಲ, ಪ್ರಶ್ನೆ ಮುಗಿಯುವ ಮೊದಲೇ ಕೂಗುತ್ತಾನೆ, ಕಂಪಾಸು ಪೆಟ್ಟಿಗೆ ವಾರಕ್ಕೊಮ್ಮೆ ಕಳೆಯುತ್ತಾನೆ. ಇವು ಎಡಿಎಚ್‌ಡಿಯ, ಅಂದರೆ ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆಯ ಲಕ್ಷಣಗಳು. ಅವು 12 ವರ್ಷಕ್ಕೆ ಮೊದಲೇ, ಒಂದಕ್ಕಿಂತ ಹೆಚ್ಚು ಕಡೆ ಕಂಡಿರಬೇಕು. ಚಿಕ್ಕಂದಿನ ಕಥೆ ಗೊತ್ತಿದ್ದವರು ಊರಿನಲ್ಲಿದ್ದರು. ಎಂಟು ವರ್ಷದವರೆಗೆ ಅವನನ್ನು ಸಾಕಿದ್ದು ಆಯಿ, ಅಂದರೆ ಅಜ್ಜಿ. ಫೋನ್ ಹಚ್ಚಿಸಿದೆ.

ಆಯಿ ಬಹಳ ಹೊತ್ತು ಅವನ ಚೂಟಿತನವನ್ನೇ ಹೊಗಳಿದರು. ಒಂದು ಗಳಿಗೆಯೂ ಕೂರುತ್ತಿರಲಿಲ್ಲವಂತೆ. ಆಮೇಲೆ ದನಿ ಇಳಿಸಿ, “ಎರಡನೇ ಇಯತ್ತೆ ಇದ್ದಾಗ ಕಾಕಾನ ಬಣಮಿಗೆ ಬೆಂಕಿ ಹಚ್ಚಿದ್ದ ನೋಡವ್ವಾ,” ಎಂದರು. ಬಣಮಿ ಅಂದರೆ ಬಣವೆ. ಆಟಕ್ಕೋ ಎಂದು ಕೇಳಿದೆ. “ಇಲ್ಲವ್ವಾ. ಕಾಕಾ ಬಡದಿದ್ದ. ಸಂಜೀಕ ಕಡ್ಡಿಪೆಟ್ಟಿಗಿ ತಗೊಂಡು ಅಷ್ಟು ದೂರ ಹೊಲಕ್ಕ ಹೋಗಿದ್ದ.” ತಂದೆ ತಲೆ ತಗ್ಗಿಸಿ ಕೂತಿದ್ದರು. ಮರ್ಯಾದೆಗೆ ಅಂಜಿ ಹೇಳಿರಲಿಲ್ಲ.

ಈ ಹಳೆಯ ಬೆಂಕಿ ಹನ್ನೆರಡು ತಿಂಗಳ ಮೂರಕ್ಕೆ ಸೇರುವುದಿಲ್ಲ. ಆದರೆ 10 ವರ್ಷಕ್ಕೆ ಮೊದಲು ಒಂದು ಲಕ್ಷಣ ಕಂಡರೂ ಅದು ಬಾಲ್ಯದಲ್ಲೇ ಶುರುವಾದ ಬಗೆ. ಹರೆಯದಲ್ಲಿ ಶುರುವಾಗುವ ಬಗೆಗಿಂತ ಅದು ಗಟ್ಟಿಯಾಗಿ ಕೂರುವ ಸಾಧ್ಯತೆ ಹೆಚ್ಚು. ಬೇಗ ಕೈ ಹಾಕಬೇಕು. ಒಂದು ಫೋನ್ ಮಾಡದಿದ್ದರೆ ತಪ್ಪಾಗಿ ಬರೆಯುತ್ತಿದ್ದೆ.

ಪಶ್ಚಾತ್ತಾಪ, ಪರರ ನೋವಿನ ಅರಿವು ಇಲ್ಲದಿರುವುದನ್ನೂ ಪ್ರತ್ಯೇಕವಾಗಿ ನೋಡಬೇಕು. ನನ್ನ ಮುಂದೆ ಅವನು ಕಲ್ಲಿನಂತೆ ಕೂತಿದ್ದ. ಅದರ ಮೇಲೆ ತೀರ್ಮಾನಿಸುವಂತಿಲ್ಲ, ವರ್ಷವಿಡೀ ಬೇರೆ ಬೇರೆ ಜನರ ಜೊತೆ ಹೇಗಿದ್ದ ಎನ್ನುವುದು ಮುಖ್ಯ. ತಂಗಿಗೆ ಜ್ವರ ಬಂದ ರಾತ್ರಿ ಒದ್ದೆ ಬಟ್ಟೆ ಇಡುತ್ತಾ ಕೂತವನು ಅವನೇ. ಇಟ್ಟಿಗೆ ತಗುಲಿದ ಹುಡುಗನ ಮನೆಯ ಮುಂದೆ ಎರಡು ದಿನ ಸುಳಿದಾಡಿ ಬಂದಿದ್ದನಂತೆ. ಪಶ್ಚಾತ್ತಾಪವಿಲ್ಲ ಎಂಬ ಆ ಷರಾ ನಾನು ಬರೆಯಲಿಲ್ಲ.

ಬರೆದದ್ದು ಎರಡು: ಬಾಲ್ಯದಲ್ಲಿ ಶುರುವಾದ ಕಾಂಡಕ್ಟ್ ಡಿಸಾರ್ಡರ್, ಜೊತೆಗೆ ಎಡಿಎಚ್‌ಡಿ. ಎರಡನೆಯದರ ಔಷಧಿಗಾಗಿ ಮನೋವೈದ್ಯರಿಗೆ ಕಾಗದ ಕೊಟ್ಟೆ. ಮೊದಲನೆಯದಕ್ಕೆ ತಂದೆತಾಯಿಗೇ ತರಬೇತಿ: ಹೊಡೆಯದೆ ಗೆರೆ ಹಾಕುವುದು, ಒಳ್ಳೆಯದು ಕಂಡ ಗಳಿಗೆಯಲ್ಲೇ ಹೇಳುವುದು.

“ಹಂಗಾರ ಮುಂದ ಇವ ಗೂಂಡಾ ಆಗ್ತಾನಂತ ಬರ್ದೀರೇನ್ರಿ?” ತಂದೆ ಕೇಳಿದರು.

“ಇಲ್ರಿ ಅಣ್ಣಾರ. ಈ ಒಂದು ವರ್ಷ ಹ್ಯಾಂಗಿದ್ದ ಅನ್ನೋದಷ್ಟ ಬರ್ದೀನಿ. ಭಾಳ ಮಕ್ಕಳು ದೊಡ್ಡಾವ್ರಾದ ಮ್ಯಾಲ ಇದರಿಂದ ಹೊರಗ ಬರ್ತಾರ.”

ಭಾನುವಾರ ಬಿಟ್ಟರೆ ಅವರಿಗೆ ರಜೆ ಇಲ್ಲ. ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಎಂಟು ವಾರ ಎಂದು ಗೊತ್ತುಮಾಡಿದೆವು. ಇಂದು ಮೂರನೆಯ ವಾರ. ಮೂವರೂ ಬಂದಿದ್ದರು, ತಂಗಿ ಅವನ ಕಂಕುಳಲ್ಲಿ.