ಕೆಂಪು ಎಣ್ಣೆ ಹೇಳುವುದು ಅರ್ಧ ಮಾತ್ರ

ನಾವಿರುವುದು ಪೆನ್ಸಿಲ್ವೇನಿಯಾದ ಪೂರ್ವ ಭಾಗದಲ್ಲಿ. ನೆಲದಡಿ ಯುರೇನಿಯಂ ಅಂಶವಿರುವ ಹಳೆಯ ಬಂಡೆಗಳ ಸಾಲೊಂದು ಇಲ್ಲಿ ಹಾದುಹೋಗಿದೆ, ರೀಡಿಂಗ್ ಪ್ರಾಂಗ್ ಅಂತ ಹೆಸರು. ಆ ಯುರೇನಿಯಂನಿಂದ ಹುಟ್ಟುವ ರೇಡಾನ್ ಎಂಬ ವಿಕಿರಣಶೀಲ ಅನಿಲ ನೆಲದಿಂದ ಮನೆಯೊಳಗೆ ಸೇರುತ್ತದೆ. 1984ರಲ್ಲಿ ಲಿಮರಿಕ್ ಅಣುಸ್ಥಾವರದ ಎಂಜಿನಿಯರ್ ಸ್ಟಾನ್ಲಿ ವಾಟ್ರಸ್ ಕೆಲಸಕ್ಕೆ ಹೋದಾಗಲೆಲ್ಲ ವಿಕಿರಣದ ಅಲಾರಂ ಹೊಡೆದುಕೊಳ್ಳತೊಡಗಿತು. ಸ್ಥಾವರ ಇನ್ನೂ ಚಾಲೂ ಆಗಿರಲೇ ಇಲ್ಲ. ವಿಕಿರಣ ಮೈಗಂಟಿ ಬರುತ್ತಿದ್ದುದು ಅವರ ಮನೆಯಿಂದ. ರೇಡಾನ್ ಅಳೆದರೆ ಲೀಟರ್ ಗಾಳಿಗೆ ಸುಮಾರು 2,700 ಪಿಕೋಕ್ಯೂರಿ (ವಿಕಿರಣ ಅಳೆಯುವ ಮಾನ). 4 ಮುಟ್ಟಿದರೇ ಸರಿಪಡಿಸಿಕೊಳ್ಳಿ ಎನ್ನುತ್ತದೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ. ನಮ್ಮ ಬೇಸ್‌ಮೆಂಟ್‌ನದು ಅಂಥ ಕಥೆಯಲ್ಲ, ಆದರೆ 4 ಅಂತೂ ದಾಟಿತ್ತು. ಹಾಗಾಗಿ ಪೈಪು, ಫ್ಯಾನು ಹಾಕಿಸಿದೆವು.

ಕೆಲಸ ಮಾಡುವ ರೀತಿ ಸರಳ. ಬೇಸ್‌ಮೆಂಟ್‌ನ ಕಾಂಕ್ರೀಟು ಕೊರೆದು ಪಿವಿಸಿ ಪೈಪು ಇಳಿಸುತ್ತಾರೆ, ಅಟ್ಟದಲ್ಲಿ ಕೂತ ಫ್ಯಾನು ನೆಲದಡಿಯ ಗಾಳಿಯನ್ನು ಎಳೆದು ಸೂರಿನ ಮೇಲೆ ಬಿಡುತ್ತದೆ. ಪೈಪಿನ ಪಕ್ಕದಲ್ಲೊಂದು ಯು ಆಕಾರದ ಕೊಳವೆ, ಅದರಲ್ಲಿ ಕೆಂಪು ಎಣ್ಣೆ. ಎರಡೂ ಕಡೆ ಎಣ್ಣೆ ಸಮವಾಗಿದ್ದರೆ ಫ್ಯಾನು ಎಳೆಯುತ್ತಿಲ್ಲ ಎಂದರ್ಥ. ನನ್ನ ಪರಿಚಯದ ಬಹಳ ಮಂದಿ ಎಣ್ಣೆ ಏರುಪೇರಾಗಿದೆ ಎಂದು ನೋಡಿ ನೆಮ್ಮದಿಯಾಗುತ್ತಾರೆ. ಆ ಕೊಳವೆ ಅಳೆಯುವುದು ಎಳೆತವನ್ನು, ರೇಡಾನನ್ನಲ್ಲ.

ಹಾಕಿಸಿದ ದಿನವೇ ಎಣ್ಣೆ ನಿಂತ ಮಟ್ಟಕ್ಕೆ ಮಾರ್ಕರ್‌ನಿಂದ ಗೆರೆ ಎಳೆದಿಟ್ಟೆ. ಬಟ್ಟೆ ಒಗೆಯಲು ಕೆಳಗಿಳಿದಾಗ ಅತ್ತ ಒಂದು ಕಣ್ಣು. ಎಳೆತ ಗೆರೆಗಿಂತ ಕಡಿಮೆ ತೋರಿಸಿದರೆ ಒಂದೋ ಫ್ಯಾನು ಸೊರಗಿದೆ, ಇಲ್ಲವೇ ಬಿರುಕಿನಿಂದಲೋ ಸಂಪ್ ಗುಂಡಿಯ (ನೆಲದಡಿಯ ನೀರು ಬಂದು ಸೇರುವ ಗುಂಡಿ) ಮುಚ್ಚಳದ ಸಂದಿನಿಂದಲೋ ಮನೆಯ ಗಾಳಿ ಒಳನುಗ್ಗುತ್ತಿದೆ. ಎಳೆತ ಹೆಚ್ಚಾದರೆ ಖುಷಿಪಡಬೇಡಿ: ಗಾಳಿಯ ದಾರಿ ಕಟ್ಟಿಕೊಂಡಿರುತ್ತದೆ. ಒಂದು ವಸಂತದಲ್ಲಿ ಜೋರು ಮಳೆಯಾದ ಮೇಲೆ ನಮ್ಮದು ಹಾಗೆ ಏರಿತ್ತು, ಕಾಂಕ್ರೀಟಿನ ಕೆಳಗೆ ನೀರು ನಿಂತಿತ್ತು. ನೀರು ಇಂಗಿದ ಮೇಲೆ ತಾನೇ ಗೆರೆಗೆ ಬಂತು. ಕೊಳವೆಯ ಮೇಲೇ ಅನುಮಾನ ಬಂದರೆ ಪೈಪಿನಿಂದ ಅದರ ಟ್ಯೂಬು ಕಿತ್ತು ನೋಡುತ್ತೇನೆ. ಎಣ್ಣೆ ಸೊನ್ನೆಗೆ ಬಂದು ಸಮವಾಗಬೇಕು, ಮತ್ತೆ ಸಿಕ್ಕಿಸಿದರೆ ಗೆರೆಗೆ ಹೋಗಬೇಕು.

ಬಿರುಕುಗಳ ಪರೀಕ್ಷೆಗೆ ನನ್ನ ಉಪಕರಣ ಊದುಬತ್ತಿ. ಗೋಡೆ ನೆಲ ಸೇರುವ ಸಂದಿಗೆ, ಸಂಪ್ ಮುಚ್ಚಳದ ಅಂಚಿಗೆ ಹಿಡಿದರೆ ಹೊಗೆ ಒಳಕ್ಕೆ ಸೆಳೆದುಹೋದ ಕಡೆ ಸೀಲ್ ಬಿಟ್ಟಿದೆ ಎಂದು ಗೊತ್ತಾಗುತ್ತದೆ. ಅದೇ ಊದುಬತ್ತಿಯನ್ನು ಗ್ಯಾಸ್ ವಾಟರ್ ಹೀಟರ್ ಉರಿಯುವಾಗ ಅದರ ಹೊಗೆಕೊಳವೆಯ ಬುಡಕ್ಕೂ ಹಿಡಿಯುತ್ತೇನೆ. ಹೊಗೆ ಮೇಲಕ್ಕೆ ಹೋಗಬೇಕು. ಕೋಣೆಯತ್ತ ಮರಳಿದರೆ ಫ್ಯಾನು ಮನೆಯ ಗಾಳಿಯನ್ನೇ ಅತಿಯಾಗಿ ಎಳೆಯುತ್ತಿರಬಹುದು. ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬುವ ಅಪಾಯ ರೇಡಾನಿಗಿಂತ ತುರ್ತಿನದು. ಇದನ್ನು ಯಾರೂ ಹೇಳಿಕೊಡುವುದಿಲ್ಲ ಅನ್ನುವುದು ನನ್ನ ತಕರಾರು.

ಉಳಿದರ್ಧ ಉತ್ತರ ಕೊಡುವುದು ರೇಡಾನನ್ನೇ ಅಳೆಯುವ ಟೆಸ್ಟ್ ಕಿಟ್. ಫ್ಯಾನು ಕನಿಷ್ಠ 24 ಗಂಟೆ ಓಡಿದ ಮೇಲೆ, 30 ದಿನ ಮೀರದಂತೆ ಮೊದಲ ಪರೀಕ್ಷೆ. ಆಮೇಲೆ ಎರಡು ವರ್ಷಕ್ಕೊಮ್ಮೆ. ಇದ್ದಿಲಿನ ಕಿಟ್ ಇಡುವ 12 ಗಂಟೆ ಮೊದಲೇ ಕಿಟಕಿಗಳನ್ನು ಮುಚ್ಚಿ, ಪರೀಕ್ಷೆ ಮುಗಿಯುವವರೆಗೂ ಹಾಗೇ ಬಿಡಬೇಕು. ಊರಿಂದ ಬಂದ ಅಮ್ಮನಿಗೆ ಇದು ಶಿಕ್ಷೆ, ಬೆಳಗಾದರೆ ಕಿಟಕಿ ತೆಗೆಯದೆ ಅವರಿಗಾಗದು. ಹಾಗಾಗಿ ಚಳಿಗಾಲದಲ್ಲೇ ಮಾಡುತ್ತೇನೆ; ಆಗ ರೇಡಾನೂ ಸಾಮಾನ್ಯವಾಗಿ ಹೆಚ್ಚಿರುತ್ತದೆ. ನಮ್ಮ ಫಲಿತಾಂಶ ಈಗ 2ರ ಕೆಳಗಿದೆ. ಡಿಜಿಟಲ್ ಮಾನಿಟರ್ ಕೂಡ ಇದೆ, ಆದರೆ ಅದರ ದಿನದ ಅಂಕಿಗಳನ್ನು ನಾನು ಲೆಕ್ಕಕ್ಕಿಡುವುದಿಲ್ಲ, ತಿಂಗಳ ಸರಾಸರಿ ಮಾತ್ರ.

ಫ್ಯಾನು ಗರಗರ ಅನ್ನತೊಡಗಿದರೆ ಬೇರಿಂಗ್ ಹೋಗುತ್ತಿದೆ ಎಂದು ತಿಳಿದು ರಾಜ್ಯದ ಪ್ರಮಾಣಪತ್ರವಿರುವವರಿಂದಲೇ ಬದಲಾಯಿಸಿ. ಹೊಸ ಫ್ಯಾನಿನ ಎಳೆತ ಬೇರೆಯೇ ಇರಬಹುದು, ಆದ್ದರಿಂದ ಹಳೆಯ ಗೆರೆ ಅಳಿಸಿ ಹೊಸದು ಹಾಕಿ, ಇನ್ನೊಂದು ಕಿಟ್ ತರಿಸಿಕೊಳ್ಳಿ.