ಕುರ್ಚಿ ಕೆಲಸದ ನೌಕಾ ಸಿಬ್ಬಂದಿಗೆ 12 ವಾರಗಳ ಕಸರತ್ತು

ಕಾರವಾರದ ಅರ್ಗಾದ ಐಎನ್‌ಎಸ್ ಕದಂಬ ನೌಕಾನೆಲೆಯಲ್ಲಿ ಎಲ್ಲರ ಕೆಲಸವೂ ಹಡಗಿನ ಮೇಲಲ್ಲ. ಕಡತ, ವೇತನ, ಉಗ್ರಾಣದ ಲೆಕ್ಕ ನೋಡುವವರ ದಿನ ಕಳೆಯುವುದು ಕುರ್ಚಿಯಲ್ಲೇ. ದೈಹಿಕ ಪರೀಕ್ಷೆಗೆ ತಿಂಗಳಿದೆ ಎನ್ನುವಾಗ ಎದ್ದು ಓಡತೊಡಗುವುದೇ ಇವರಲ್ಲಿ ಹಲವರು ಮಾಡುವ ತಪ್ಪು. ಉಸಿರು ಕೆಲವೇ ವಾರಗಳಲ್ಲಿ ಹದಕ್ಕೆ ಬರುತ್ತದೆ. ಮೂಳೆ, ಸ್ನಾಯುರಜ್ಜು ಗಟ್ಟಿಯಾಗಲು ತಿಂಗಳುಗಳು ಬೇಕು. ಓಡಬಲ್ಲೆ ಅನಿಸಿದ ಹೊತ್ತಿಗೆ ಕಾಲು ಇನ್ನೂ ಸಿದ್ಧವಾಗಿರುವುದಿಲ್ಲ. 12 ವಾರ ಕೈಯಲ್ಲಿಟ್ಟುಕೊಂಡೇ ಹೊರಡಿ. 40 ದಾಟಿದವರು, ಬಿಪಿ ಅಥವಾ ಶುಗರ್ ಇರುವವರು ಮೊದಲು ವೈದ್ಯರಿಗೆ ತೋರಿಸಿಕೊಳ್ಳಲೇಬೇಕು.

ಮೊದಲ 3 ವಾರ ನಡಿಗೆ ಮಾತ್ರ: ವಾರಕ್ಕೆ 5 ದಿನ, ದಿನಕ್ಕೆ 30 ನಿಮಿಷ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು ಸಾಕು. 4ನೇ ವಾರದಿಂದ ದಿನ ಬಿಟ್ಟು ದಿನ 1 ನಿಮಿಷ ಓಟ, 2 ನಿಮಿಷ ನಡಿಗೆ, ಹೀಗೆ 8 ಸುತ್ತು. 7ನೇ ವಾರದಿಂದ 3 ನಿಮಿಷ ಓಟ, 1 ನಿಮಿಷ ನಡಿಗೆ, 6 ಸುತ್ತು. 10ನೇ ವಾರದಿಂದ ನಿಲ್ಲದೆ 20 ನಿಮಿಷ. ವಾರಕ್ಕೊಮ್ಮೆ ಅದರ ಬದಲು 400 ಮೀಟರ್‌ನ 4 ವೇಗದ ಓಟ, ನಡುವೆ 2 ನಿಮಿಷ ವಿರಾಮ.

ಓಡುವ ಜಾಗದ ಬಗ್ಗೆ ಎಚ್ಚರ ಬೇಕು. ಟ್ಯಾಗೋರ್ ಕಡಲತೀರದ ಒಣ ಮರಳಿನಲ್ಲಿ ಹಿಮ್ಮಡಿ ಹೂತು ಮೀನಖಂಡ ಜಗ್ಗುತ್ತದೆ, ಹೊಸಬರಿಗೆ ಅದು ಬೇಡ. ಅಲೆ ತೊಯ್ಸಿದ ಗಟ್ಟಿ ಮರಳು ಒಳ್ಳೆಯದು, ಆದರೆ ಅದು ಕಡಲಿನ ಕಡೆಗೆ ಇಳಿಜಾರು. ನೀರಿನ ಬದಿಯ ಕಾಲು ತಗ್ಗಿನಲ್ಲಿ, ಇನ್ನೊಂದು ಎತ್ತರದಲ್ಲಿ ಬೀಳುತ್ತದೆ; ಒಂದೇ ದಿಕ್ಕಿಗೆ ಓಡಿದರೆ ಸೊಂಟ, ಮಂಡಿ ನೋಯುತ್ತವೆ. ಹೋದಷ್ಟೇ ದೂರ ಅದೇ ಪಟ್ಟಿಯಲ್ಲಿ ವಾಪಸ್ ಓಡಿ ಬನ್ನಿ. ಇಳಿತದ ಹೊತ್ತಿನಲ್ಲಿ ಸಮತಟ್ಟಾದ ಜಾಗ ಹೆಚ್ಚು ಸಿಗುತ್ತದೆ. ಆ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಕರಾವಳಿಯ ಸೆಕೆಯಲ್ಲಿ ಬೆವರು ಆರದೆ ಮೈ ಕಾಯುವುದರಿಂದ ಬೆಳಗ್ಗೆ 7ರೊಳಗೆ ಮುಗಿಸಿ. ಜೂನ್‌ನಿಂದ ಮಳೆ ಹಿಡಿದರೆ ಕಚೇರಿಯ ಮೆಟ್ಟಿಲನ್ನೇ 15 ನಿಮಿಷ ಹತ್ತಿ ಇಳಿಯಿರಿ. ನೆನೆದ ಬೂಟಿನೊಳಗೆ ಹಳೇ ಪತ್ರಿಕೆ ತುರುಕಿಟ್ಟರೆ ಬೇಗ ಒಣಗುತ್ತದೆ.

ಬಲದ ಕಸರತ್ತನ್ನು ಬಿಟ್ಟರೆ ಓಟವೂ ಹೆಚ್ಚು ದಿನ ಬಾಳದು. ವಾರಕ್ಕೆ 2 ದಿನ: ಕುರ್ಚಿ ಮುಟ್ಟಿ ಏಳುವ ಬಸ್ಕಿ 12, ಮೇಜಿನ ಅಂಚು ಹಿಡಿದು ದಂಡ 10, ಮೆಟ್ಟಿಲ ಅಂಚಿನಲ್ಲಿ ಹಿಮ್ಮಡಿ ಎತ್ತುವುದು 15, ಪ್ರತಿಯೊಂದೂ 3 ಸಲ. ದಂಡ ಸಲೀಸಾದ ಮೇಲೆ ನೆಲಕ್ಕಿಳಿಯಿರಿ. ಕುರ್ಚಿಯಲ್ಲಿ ಪ್ರತಿ 45 ನಿಮಿಷಕ್ಕೆ 2 ನಿಮಿಷ ಎದ್ದು ನಿಲ್ಲಿ. ಒಂದು ಕಾಲು ಹಿಂದಿಟ್ಟು ಮಂಡಿಯೂರಿ ತೊಡೆಸಂದಿಯ ಮುಂಭಾಗ ಎಳೆಯಿರಿ. ಕೂತು ಕೂತು ಬಿಗಿಯುವುದು ಅಲ್ಲಿಯೇ.

ಊಟದಲ್ಲಿ ಅನ್ನ ಬಿಡಬೇಕಿಲ್ಲ, ಎರಡನೇ ಸಲ ಬಡಿಸಿಕೊಳ್ಳಬೇಡಿ. ಬಂಗಡೆ ಇರಲಿ, ಆದರೆ ಫ್ರೈಗಿಂತ ಸಾರು ಮೇಲು. ಬೆವರಿದ ಮೇಲೆ ಸಕ್ಕರೆ ಹಾಕದ, ಚಿಟಿಕೆ ಉಪ್ಪಿನ ಕೋಕಂ ನೀರು ಕುಡಿಯಿರಿ. ಹೊಟ್ಟೆಯ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಒಳಗಿರಬೇಕು, ತಿಂಗಳಿಗೊಮ್ಮೆ ಟೇಪು ಹಿಡಿಯಿರಿ.

ಸ್ನಾಯು ಸೆಳೆತ ಎರಡು ದಿನದಲ್ಲಿ ಇಳಿದರೆ ಚಿಂತೆಯಿಲ್ಲ. ಮುಂಗಾಲಿನ ಮೂಳೆಯ ಮೇಲೆ ಒಂದೇ ಬೆರಳಗಲದ ಜಾಗ ಒತ್ತಿದರೆ ಚುರುಕ್ಕೆನ್ನುತ್ತಿದ್ದರೆ ಅದು ಕೂದಲೆಳೆ ಬಿರುಕಿರಬಹುದು. ಅಂದೇ ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಿ.