ಸೈಕಲ್‌ಗೆ ಬೀಗ ಆರಿಸುವಾಗ ನೋಡಬೇಕಾದದ್ದು

ಒಡೆಯಲು ಸಾಧ್ಯವೇ ಇಲ್ಲದ ಸೈಕಲ್ ಬೀಗ ಎಂಬುದು ಇಲ್ಲ. ಕಳ್ಳನ ಕೈಯಲ್ಲಿರುವ ಉಪಕರಣಕ್ಕೆ ಅದು ಎಷ್ಟು ಹೊತ್ತು ಜಗ್ಗದೆ ನಿಲ್ಲುತ್ತದೆ, ಅಷ್ಟರಲ್ಲಿ ಅವನಿಂದ ಎಷ್ಟು ಸದ್ದು ಮಾಡಿಸುತ್ತದೆ ಎಂಬುದರಲ್ಲೇ ಬೀಗ ಬೀಗಕ್ಕೂ ಇರುವ ವ್ಯತ್ಯಾಸ. ಆದ್ದರಿಂದ ಸೈಕಲ್ ಎಲ್ಲಿ, ಎಷ್ಟು ಹೊತ್ತು, ಯಾರ ಕಣ್ಣೆದುರು ನಿಲ್ಲುತ್ತದೆ ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಬೇಕು. ಜನರು ಓಡಾಡುವ ಕಡೆ ಹತ್ತು ನಿಮಿಷ ನಿಲ್ಲುವ ಸೈಕಲ್‌ಗೆ ಸಾಕಾಗುವ ಬೀಗ, ಇಡೀ ರಾತ್ರಿ ಹೊರಗೆ ನಿಲ್ಲುವ ಸೈಕಲ್‌ಗೆ ಸಾಕಾಗುವುದಿಲ್ಲ.

ಹೆಚ್ಚಿನವರು ಮೊದಲು ಕೊಳ್ಳುವುದು ಕೇಬಲ್ ಲಾಕ್, ಏಕೆಂದರೆ ಅದು ಹಗುರ, ಅಗ್ಗ, ಎಲ್ಲಿಗೆ ಬೇಕಾದರೂ ಸುತ್ತಬಹುದು. ಆದರೆ ಹೆಬ್ಬೆರಳು ಗಾತ್ರಕ್ಕೆ ಕಾಣುವ ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಸುಲಿದು ನೋಡಿದರೆ ಒಳಗಿರುವುದು ತೆಳುವಾದ ತಂತಿಗಳನ್ನು ಹೊಸೆದ ಹುರಿ ಮಾತ್ರ. ಜೇಬಿನಲ್ಲಿ ಹಿಡಿಸುವ ಕಟರ್ ಅದನ್ನು ಎಳೆ ಎಳೆಯಾಗಿ, ಸದ್ದಿಲ್ಲದೆ ಕತ್ತರಿಸಿಬಿಡುತ್ತದೆ. ಮುಂದಿನ ಚಕ್ರವನ್ನೋ ಸೀಟನ್ನೋ ಕಟ್ಟಿಡಲು ಎರಡನೆಯ ಬೀಗವಾಗಿ ಇದು ಉಪಯೋಗಕ್ಕೆ ಬರಬಹುದೇ ಹೊರತು, ಸೈಕಲನ್ನು ಇದೊಂದರ ಮೇಲೇ ಬಿಟ್ಟುಹೋಗುವುದು ಸರಿಯಲ್ಲ. ಹಿಂದಿನ ಚಕ್ರದ ಬಳಿ ಫ್ರೇಮಿಗೇ ಜೋಡಿಸಿ ಬರುವ ಉಂಗುರದಾಕಾರದ ಬೀಗ ಚಕ್ರ ತಿರುಗದಂತೆ ತಡೆಯುತ್ತದೆ, ಆದರೆ ಸೈಕಲನ್ನೇ ಹೊತ್ತುಕೊಂಡು ಹೋಗುವವನನ್ನು ತಡೆಯುವುದಿಲ್ಲ.

ಮುಖ್ಯ ಬೀಗವಾಗಿ ನನ್ನ ಮೊದಲ ಆಯ್ಕೆ ಯು-ಲಾಕ್, ಅಂದರೆ U ಅಕ್ಷರದಂತೆ ಬಾಗಿದ ಉಕ್ಕಿನ ಕಮಾನಿನ ಎರಡು ಕಾಲುಗಳಿಗೆ ಒಂದು ಅಡ್ಡಪಟ್ಟಿ ಸೇರಿಕೊಳ್ಳುವ ಬೀಗ. ಇದನ್ನು ಕೊಳ್ಳುವಾಗ ಬ್ರ್ಯಾಂಡ್ ಹೆಸರಿಗಿಂತ ಮೊದಲು ಕಮಾನಿನ ದಪ್ಪವನ್ನು ನೋಡಬೇಕು. ಅದೂ ಮೇಲಿನ ರಬ್ಬರ್ ಹೊದಿಕೆಯನ್ನು ಬಿಟ್ಟು, ಒಳಗಿನ ಉಕ್ಕಿನ ದಪ್ಪವನ್ನು. ಹದಗೊಳಿಸಿದ ಉಕ್ಕು 12-13 ಮಿ.ಮೀ. ದಪ್ಪವಿದ್ದರೆ ಸಣ್ಣ ಬೋಲ್ಟ್ ಕಟರ್‌ಗೆ ಬಗ್ಗುವುದಿಲ್ಲ, 16 ಮಿ.ಮೀ. ಇದ್ದರೆ ಉದ್ದ ಹಿಡಿಯ ದೊಡ್ಡ ಕಟರ್ ಕೂಡ ಸೋಲುತ್ತದೆ. ಎರಡನೆಯದಾಗಿ, ಕಮಾನಿನ ಎರಡೂ ಕಾಲುಗಳು ಅಡ್ಡಪಟ್ಟಿಯೊಳಗೆ ಪ್ರತ್ಯೇಕವಾಗಿ ಬಂಧನಗೊಳ್ಳುತ್ತವೆಯೇ ಎಂದು ವಿಚಾರಿಸಬೇಕು. ಒಂದೇ ಕಡೆ ಬಂಧನಗೊಳ್ಳುವ ಬೀಗವನ್ನು ಒಮ್ಮೆ ಕತ್ತರಿಸಿ ತಿರುಚಿದರೆ ಬಿಚ್ಚಿಕೊಳ್ಳುತ್ತದೆ, ಎರಡೂ ಕಡೆ ಬಂಧನಗೊಳ್ಳುವುದನ್ನು ಸಾಮಾನ್ಯವಾಗಿ ಎರಡು ಸಲ ಕತ್ತರಿಸಬೇಕಾಗುತ್ತದೆ. ಇನ್ನು ಗಾತ್ರ: ಕಮಾನು ಅಗಲವಾದಷ್ಟೂ ಒಳಗೆ ಜಾಕ್ ಇಟ್ಟು ಹಿಗ್ಗಿಸಲು ಜಾಗ ಸಿಗುತ್ತದೆಯಾದ್ದರಿಂದ, ಫ್ರೇಮು, ಒಂದು ಚಕ್ರ ಮತ್ತು ಕಂಬ ಹಿಡಿಸುವಷ್ಟು ಮಾತ್ರ ದೊಡ್ಡದಿದ್ದರೆ ಒಳ್ಳೆಯದು.

ದಪ್ಪ ಮರದ ದಿಮ್ಮಿಗೋ ಅಗಲವಾದ ಕಂಬಕ್ಕೋ ಕಟ್ಟಬೇಕಾದಾಗ ಸರಪಳಿಯೇ ಗತಿ. ಕೊಂಡಿಗಳು ಕನಿಷ್ಠ 10 ಮಿ.ಮೀ. ದಪ್ಪವಿದ್ದರೆ ಮಾತ್ರ ಅದನ್ನು ಭದ್ರವೆನ್ನಬಹುದು, ಆದರೆ ಆ ದಪ್ಪದ ಸರಪಳಿಯ ಭಾರವನ್ನು ಪ್ರತಿದಿನ ಹೊರುವುದು ಸುಲಭವಲ್ಲ. ಸೈಕಲ್ ದಿನವೂ ಒಂದೇ ಕಡೆ ನಿಲ್ಲುವುದಾದರೆ ಅದನ್ನು ಅಲ್ಲೇ ಬಿಟ್ಟುಬರುವುದು ಜಾಣತನ. ಮಡಚುವ ಬೀಗಗಳು ಒಯ್ಯಲು ಅನುಕೂಲ, ಆದರೆ ಪಟ್ಟಿಗಳನ್ನು ಸೇರಿಸುವ ರಿವೆಟ್‌ಗಳೇ ಅವುಗಳ ದುರ್ಬಲ ಜಾಗ.

ಮೇಲೆ ಹೇಳಿದ ದಪ್ಪವೆಲ್ಲ ಕೈ ಉಪಕರಣಗಳ ಮಟ್ಟಿಗೆ. ವೇಗವಾಗಿ ತಿರುಗುವ ಚಕ್ರದಿಂದ ಲೋಹ ಕತ್ತರಿಸುವ, ಬ್ಯಾಟರಿ ಚಾಲಿತ ಆಂಗಲ್ ಗ್ರೈಂಡರ್ ಮುಂದೆ 16 ಮಿ.ಮೀ. ಉಕ್ಕು ಕೂಡ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹಿಪ್‌ಲಾಕ್ ಡಿ1000, ಲೈಟ್‌ಲಾಕ್ ಎಕ್ಸ್1ರಂಥ ಕೆಲವು ಬೀಗಗಳ ಉಕ್ಕಿನ ಮೇಲೆ, ಗ್ರೈಂಡರ್‌ನ ಚಕ್ರವನ್ನೇ ಬೇಗ ಸವೆಸಿಬಿಡುವ ಸಂಯುಕ್ತ ಪದಾರ್ಥದ ಪದರವಿರುತ್ತದೆ. ಬೆಲೆ ಹೆಚ್ಚು, ಭಾರವೂ ಕಡಿಮೆಯಲ್ಲ. ದುಬಾರಿ ಸೈಕಲನ್ನು ಹೊರಗೆ ದೀರ್ಘಕಾಲ ಬಿಡುವವರು ಇದನ್ನು ಪರಿಗಣಿಸಬೇಕು, ಉಳಿದವರಿಗೆ ಇದು ಅನಿವಾರ್ಯವಲ್ಲ.

ಉಕ್ಕು ಗಟ್ಟಿಯಿದ್ದೂ ಕೀಲಿರಂಧ್ರ ದುರ್ಬಲವಾಗಿದ್ದರೆ ಪ್ರಯೋಜನವಿಲ್ಲ. 2004ರಲ್ಲಿ, ಕೊಳವೆಯಾಕಾರದ ಕೀಲಿಯುಳ್ಳ ಕ್ರಿಪ್ಟೊನೈಟ್ ಬೀಗಗಳನ್ನು ಬಾಲ್‌ಪೆನ್ನಿನ ಪ್ಲಾಸ್ಟಿಕ್ ಕೊಳವೆ ತುರುಕಿ ತಿರುಗಿಸಿದರೆ ತೆರೆಯಬಹುದೆಂಬುದು ಬಯಲಾಗಿ, ಕಂಪನಿಯು ಬೀಗಗಳನ್ನು ಬದಲಾಯಿಸಿಕೊಡಬೇಕಾಯಿತು. ಅಂಥ ಕೀಲಿಯ ಹಳೆಯ ಬೀಗ ಮನೆಯಲ್ಲಿದ್ದರೆ ಅದನ್ನು ನಂಬದಿರುವುದೇ ಲೇಸು. ಚಪ್ಪಟೆ ಕೀಲಿಯ, ಒಳಗೆ ತಿರುಗುವ ಬಿಲ್ಲೆಗಳಿರುವ ವ್ಯವಸ್ಥೆಯನ್ನು ಮೀಟಿ ತೆರೆಯುವುದು ಕಷ್ಟ. ಅಗ್ಗದ ನಂಬರ್ ಲಾಕ್‌ಗಳನ್ನಾದರೋ ಎಳೆದು ಹಿಡಿದು ಚಕ್ರಗಳನ್ನು ಒಂದೊಂದಾಗಿ ತಿರುಗಿಸುತ್ತ, ಬೆರಳಿನ ಸ್ಪರ್ಶದಿಂದಲೇ ಸಂಖ್ಯೆ ಕಂಡುಹಿಡಿಯುವವರಿದ್ದಾರೆ.

ಪೆಟ್ಟಿಗೆಯ ಮೇಲೆ ‘10ಕ್ಕೆ 8’, ‘15ಕ್ಕೆ 12’ ಎಂದೆಲ್ಲ ಮುದ್ರಿತವಾಗಿರುವುದು ಆಯಾ ಕಂಪನಿಯದೇ ಅಳತೆ. ಒಂದು ಕಂಪನಿಯ ಅಂಕವನ್ನು ಇನ್ನೊಂದರ ಜೊತೆ ಹೋಲಿಸಲಾಗದು. ಬ್ರಿಟನ್ನಿನ ಸೋಲ್ಡ್ ಸೆಕ್ಯೂರ್ ಸಂಸ್ಥೆ ಕಂಚು, ಬೆಳ್ಳಿ, ಚಿನ್ನ, ವಜ್ರ ಎಂಬ ದರ್ಜೆಗಳನ್ನೂ, ನೆದರ್‌ಲ್ಯಾಂಡ್ಸ್‌ನ ಎಆರ್‌ಟಿ ಸಂಸ್ಥೆ ನಕ್ಷತ್ರಗಳನ್ನೂ ಸ್ವತಂತ್ರ ಪರೀಕ್ಷೆಯ ಆಧಾರದ ಮೇಲೆ ಕೊಡುತ್ತವೆ. ಇವುಗಳಲ್ಲಿ ಒಂದರ ಗುರುತಿದ್ದರೆ ಆಯ್ಕೆ ಸುಲಭವಾಗುತ್ತದೆ.

ಕೊಂಡ ಬೀಗವನ್ನು ಹಾಕುವ ರೀತಿಯಲ್ಲೂ ಭದ್ರತೆ ಅಡಗಿದೆ. ಚಕ್ರಕ್ಕೆ ಮಾತ್ರ ಬೀಗ ಹಾಕಿದರೆ ಚಕ್ರ ಉಳಿಯುತ್ತದೆ, ಸೈಕಲ್ ಹೋಗುತ್ತದೆ. ಫ್ರೇಮ್ ಮತ್ತು ಹಿಂದಿನ ಚಕ್ರ ಎರಡೂ ಬೀಗದೊಳಗೆ ಬರಬೇಕು. ಕಂಬವನ್ನು ಒಮ್ಮೆ ಅಲುಗಾಡಿಸಿ, ಅದರ ತುದಿಯ ಮೇಲಿಂದ ಸೈಕಲನ್ನು ಎತ್ತಿ ತೆಗೆಯಲು ಬರುವುದೇ ಎಂದು ನೋಡಬೇಕು. ಬೀಗ ನೆಲಕ್ಕೆ ತಾಗದಂತಿರಲಿ, ಏಕೆಂದರೆ ಕಟರ್‌ನ ಒಂದು ಹಿಡಿಯನ್ನು ನೆಲಕ್ಕೆ ಊರಿ ಇನ್ನೊಂದರ ಮೇಲೆ ಮೈಭಾರ ಹಾಕಿ ಒತ್ತಲು ಅದು ಅನುಕೂಲ ಮಾಡಿಕೊಡುತ್ತದೆ. ಕೀಲಿರಂಧ್ರ ಕೆಳಮುಖವಾಗಿದ್ದರೆ ಮಳೆನೀರೂ ಧೂಳೂ ಒಳಗಿಳಿಯುವುದು ಕಡಿಮೆಯಾಗುತ್ತದೆ. ಕೀಲಿಯೊಂದಿಗೆ ಬರುವ ಸಂಕೇತ ಸಂಖ್ಯೆಯನ್ನು, ಪೆಡಲ್ ಅಚ್ಚಿನ ಅಡಿಯಲ್ಲಿ ಸಾಮಾನ್ಯವಾಗಿ ಕೆತ್ತಿರುವ ಫ್ರೇಮ್ ಸಂಖ್ಯೆಯ ಜೊತೆಗೆ ಮನೆಯಲ್ಲಿ ಬರೆದಿಟ್ಟುಕೊಂಡರೆ, ಕೀಲಿ ಕಳೆದಾಗ ಹೊಸದನ್ನು ತರಿಸಲೂ ಸೈಕಲ್ ಕಳೆದಾಗ ದೂರು ಕೊಡಲೂ ಬೇಕಾದ ವಿವರ ಒಂದೇ ಕಡೆ ಸಿಗುತ್ತದೆ.